ಕೊಲಂಬೈನ್ ಗಿಡ ಬಂದಾವ, ಹೂವಿನ ಸುಳಿವಿಲ್ಲ. ಕಲಬುರಗಿ ಹವಾಕ್ಕ ಏನ್ ಮಾಡಬೇಕು?

ಮಾಳಿಗಿ ತೋಟ, ಕಲಬುರಗಿ

ಶರಣ್ರೀ ಎಲ್ಲರಿಗೂ. ಕೊಲಂಬೈನ್ ಬೆಳೆಸಿ ಗೊತ್ತಿದ್ದವರು ಜರಾ ದಾರಿ ಹೇಳ್ರಿ. ವಿವರ ಎಲ್ಲಾ ಬರೀತೀನಿ, ಏನರ ಬಿಟ್ಟಿದ್ರ ಕೇಳ್ರಿ.

ಬೀಜ ಮೆಕಾನಾ ಜೈಂಟ್, ಮಿಶ್ರ ಬಣ್ಣದ್ದು. ಒದ್ದಿ ಟಿಶ್ಯೂ ಕಾಗದದಾಗ ಸುತ್ತಿ, ಮುಚ್ಚಳದ ಡಬ್ಬಿಯೊಳಗ 4 ವಾರ ಫ್ರಿಜ್ಜಿನಾಗ ಇಟ್ಟು, ದಸರಾ ಆದ ಮ್ಯಾಲ ಟ್ರೇಯೊಳಗ ಬಿತ್ತಿದ್ದು. ಮೊಳಕಿ ಬರಾಕ 24 ದಿನ ಹಿಡೀತು. ಈಗ ಸಂಕ್ರಾಂತಿ ಮುಗಿದದ. 11 ಗಿಡ ಅದಾವ, ಒಂದೊಂದಕ್ಕ 8ರಿಂದ 10 ಎಲಿ. 8 ಇಂಚಿನ ಸಿಮೆಂಟ್ ಕುಂಡ. ಅರ್ಧ ಎರಿ ಮಣ್ಣು, ಅರ್ಧ ತಿಪ್ಪಿ ಗೊಬ್ಬರ. ನೀರು ಬಸಿಯಲಿ ಅಂತ ತಳಕ್ಕ ಫರಸಿ ಚೂರು. ನೀರು ಬೋರಿಂದು. ಮುಂಜಾನಿಯಿಂದ ಮಧ್ಯಾಹ್ನ 2ರ ತನ ಬಿಸಿಲು ಬೀಳತದ.

ತೊಂದರಿ ಮೂರು. ಹೊಸಾ ಎಲಿ ಹಳದಿ ಆಗಿ, ನರ ಅಷ್ಟೇ ಹಸರು ಉಳದದ. ಕೆಲವು ಎಲಿ ಮ್ಯಾಲ ಬಿಳಿ ಗೆರಿ ಹಾವು ಹರದಂಗ ಬಂದದ. ಮೊಗ್ಗು ಅಂತೂ ಒಂದೂ ಇಲ್ಲ. ಈ ವರ್ಷ ಹೂವ ಆಗ್ತಾವೇನು? ಬ್ಯಾಸಗಿ ದಾಟಿಸೋದು ಹ್ಯಾಂಗ?

ಕೆಂಪುಮಣ್ಣು, ಬೀದರ

ಈ ವರ್ಷ ಹೂವಾಗೋದಿಲ್ಲ. ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಇಲ್ಲಾಂದ್ರ ನೀವು ಮೊಗ್ಗು ಬರಲಿ ಅಂತ ಗೊಬ್ಬರ ಹೆಚ್ಚಿಸಿ ಗಿಡನೇ ಕಳ್ಕೋತೀರಿ.

ಕೊಲಂಬೈನಿಗೆ ಥಂಡಿ ಎರಡು ಸಲ ಬೇಕು. ಫ್ರಿಜ್ಜಿನಾಗ ಬೀಜ ಇಟ್ಟಿದ್ರಲ್ಲ, ಅದು ಮೊದಲನೇದು. ಆ ಥಂಡಿ ಬೀಜದ ನಿದ್ದಿ ಬಿಡಿಸಿ ಮೊಳಕಿ ಬರಿಸ್ತದ, ಅಷ್ಟಕ್ಕೇ ಅದರ ಕೆಲಸ ಮುಗೀತು. ಹೂವಿನ ಥಂಡಿ ಬ್ಯಾರೆ. ಅದನ್ನ ಬೆಳೆದ ಗಿಡದ ಸುಳಿ ತಾಗಬೇಕು: ಗಿಡಕ್ಕ ಸುಮಾರು 12 ಎಲಿ ಆದ ಮ್ಯಾಲ, 4ರಿಂದ 7 ಡಿಗ್ರಿಯೊಳಗ, ಬಿಡದೆ 8ರಿಂದ 10 ವಾರ. ಎಳೆ ಸಸಿಗೆ ಎಷ್ಟು ಥಂಡಿ ಕೊಟ್ರೂ ಅದು ಲೆಕ್ಕಕ್ಕ ಹಿಡಿಯೋದಿಲ್ಲ. ಬೀಜ ಫ್ರಿಜ್ಜಿನಾಗ ಇಟ್ಟೀವಿ, ಇನ್ನ ಹೂವಾಗಬೇಕು ಅಂತ ಕಾಯೋರು ಭಾಳ ಮಂದಿ ಇಲ್ಲೇ ಎಡವ್ತಾರ.

ನಮ್ಮ ಬೀದರದಾಗ ಡಿಸೆಂಬರ್-ಜನವರಿ ಕೆಲವು ರಾತ್ರಿ 10ರ ಕೆಳಗ ಇಳೀತದ. ಆದ್ರ ಮುಂಜಾನಿ 11ಕ್ಕೆ ಬಿಸಿಲು ಏರಿ ಕುಂಡ ಮತ್ತ ಕಾಯ್ತದ. ರಾತ್ರಿ ಗಳಿಸಿದ ಥಂಡಿ ಹಗಲಿಗೆ ಕಳೀತದ. ಕಲಬುರಗಿಯಾಗ ಅಷ್ಟೂ ಇಲ್ಲ. ಈ ಗಿಡದ ತವರು ಉತ್ತರದ ಶೀತ ದೇಶಗಳು; ನಮ್ಮ ದೇಶದಾಗ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟದಾಗ ಅದರ ಕಾಡು ಜಾತಿ ತಾವೇ ಬೆಳೀತಾವ. ಅಲ್ಲಿ ಚಳಿಗಾಲ ಪೂರ್ತಿ ಗಿಡ ಮಲಗಿ, ಹಿಮ ಕರಗಿದ ಮ್ಯಾಲ ಎದ್ದು ಹೂವು ಬಿಡ್ತದ. ಆ ಮಲಗೋ ಕಾಲವನ್ನ ನಾವೇ ಮಾಡಿಕೊಡಬೇಕು.

ಅದಕ್ಕ ಬಾಟಲಿ ಕೂಲರ್ ಎಲ್ಲಕ್ಕಿಂತ ಚಲೋ. ಕಿರಾಣಿ ಅಂಗಡಿಯಾಗ ಥಂಡಾ ಬಾಟಲಿ ಇಡ್ತಾರಲ್ಲ, ಗಾಜಿನ ಬಾಗಿಲಿಂದು, ಅದು. ಅಡಿಗಿಮನಿ ಫ್ರಿಜ್ಜಿಗಿಂತ ಯಾಕ ಚಲೋ ಅಂದ್ರ, ಒಳಗ ಬೆಳಕದ. ಪೂರ್ತಿ ಕತ್ತಲಾಗ 10 ವಾರ ಇಟ್ರ ಎಲಿ ಹಳದಿಯಾಗಿ ಕೊಳೀತಾವ, ಆ ಕೊಳೆ ಸುಳಿಗೆ ಇಳೀತದ. ಕೂಲರಿನ ಲೈಟ್ ದಿನಕ್ಕ 8-9 ತಾಸು ಹತ್ತೋ ಹಂಗ ಟೈಮರ್ ಹಾಕ್ರಿ. ನಡುವಿನ ಖಾನೆಯಾಗ ಥರ್ಮಾಮೀಟರ್ ಇಟ್ಟು 5 ಡಿಗ್ರಿಗೆ ನಿಲ್ಲಿಸ್ರಿ. ಬಾಳೆಹಣ್ಣು, ಸೇಬು, ಮಾವು ಒಂದೂ ಒಳಗ ಇರಬಾರದು. ಹಣ್ಣಾಗೋ ಮುಂದ ಬರೋ ಎಥಿಲೀನ್ ಗಾಳಿಗೆ ಎಲಿ ಉದರ್ತಾವ, ಮೊಗ್ಗಿನ ಕಣ್ಣು ಸಾಯ್ತಾವ. 10-12 ದಿನಕ್ಕೊಮ್ಮೆ ಒಂದು ಗಿಡಕ್ಕ 50 ಮಿ.ಲೀ. ನೀರು ಸಾಕು. ಎರಡು ದಿನಕ್ಕೊಮ್ಮೆ ಬಾಗಿಲು ತೆಗೆದು ಗಾಳಿ ಆಡಿಸ್ರಿ, ಇಲ್ಲಾಂದ್ರ ಬೂದು ಬೂಸ್ಟು ಹಿಡೀತದ.

ಕಾಲದ ಲೆಕ್ಕ ಹಿಂದಿನಿಂದ ಹಾಕಬೇಕು. ಕಲಬುರಗಿಯಾಗ ಹೂವಿಗೆ ತಡಕೊಳ್ಳೋ ಹವಾ ಫೆಬ್ರವರಿ ತನಕ ಅಷ್ಟೇ. ಕೂಲರಿನಿಂದ ಹೊರಗ ತೆಗೆದ 6ರಿಂದ 8 ವಾರಕ್ಕ ಹೂವು. ಅಂದ್ರ ಡಿಸೆಂಬರ್ 20ರ ಸುಮಾರು ಹೊರಗ ಬರಬೇಕು, ಅದಕ್ಕ ಅಕ್ಟೋಬರ್ 10ರೊಳಗ ಒಳಗ ಹೋಗಬೇಕು, ಅಷ್ಟರೊಳಗ 12 ಎಲಿ ಆಗಿರಬೇಕು. ಹೊಸದಾಗಿ ಮಾಡೋರು ಜೂನ್ ಮೊದಲ ವಾರ ಬೀಜ ಫ್ರಿಜ್ಜಿಗೆ ಹಾಕಿ, ಜುಲೈ ಮೊದಲ ವಾರ ಬಿತ್ತಬೇಕು. ನೀವು ದಸರಾಕ್ಕ ಬಿತ್ತಿದ್ದು ಮೊಳಕಿಗೆ ಸುಖದ ಕಾಲ, ಹೂವಿಗೆ ಮಾತ್ರ ತಡ.

ಈಗಿರೋ ಗಿಡ ಇವತ್ತೇ ಕೂಲರಿಗೆ ಹಾಕಿದ್ರ ಏಪ್ರಿಲ್ ಮೊದಲಿಗೆ ಹೊರಗ ಬರ್ತಾವ, ಆವಾಗ ಬಿಸಿಲು 40. ಮೊಗ್ಗು ಹುಟ್ಟಿದ್ರೂ ಬಟಾಣಿಯಷ್ಟಾಗಿ ಒಣಗ್ತಾವ. ಹಂಗಾಗಿ ಇವನ್ನ ಬ್ಯಾಸಗಿ ದಾಟಿಸಿ ಅಕ್ಟೋಬರಕ್ಕ ಕೂಲರಿಗೆ ಹಾಕೋದು ಒಂದೇ ದಾರಿ. ಎಲಿ ಹಳದಿ ಆಗಿದ್ದಕ್ಕ ಮಣ್ಣು-ನೀರು ಗೊತ್ತಿದ್ದವರು ಹೇಳಲಿ. ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಉಪ್ಪು) ಕುಂಡಕ್ಕ ಒಂದು ಚಮಚ ಹಾಕಿ ನೋಡಬಹುದು ಅನಸ್ತದ.

ಮಣ್ಣು ನೀರು, ಕಲಬುರಗಿ

ಬೀದರ ಸರ್ ಅವರ ಥಂಡಿ ಲೆಕ್ಕ ಸರಿ ಇದೆ. ಆದರೆ ಅನ್ನಭೇದಿಯನ್ನು ಈ ಮಣ್ಣಿಗೆ ಹಾಕಬೇಡಿ. ಬೀದರಿನ ಕೆಂಪು ಮಣ್ಣಿನಲ್ಲಿ ಅದು ಸ್ವಲ್ಪ ಕೆಲಸ ಮಾಡೀತು. ಕಲಬುರಗಿಯ ಎರೆ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ರಸಸಾರ (ಪಿ.ಎಚ್.) 8ರ ಮೇಲೆ. ಹಾಕಿದ ಕಬ್ಬಿಣ ಕೆಲವೇ ದಿನಗಳಲ್ಲಿ ಬೇರು ಹೀರಲಾಗದ ತುಕ್ಕಾಗಿ ಕೂರುತ್ತದೆ. ಮಣ್ಣು ಕೆಂಪಾಗಿ ಕಾಣಬಹುದು, ಎಲೆ ಹಳದಿಯೇ.

ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ ಮೊದಲು: ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾಗಿದ್ದರೆ ಹಳೆ ಎಲೆ ಪೂರ್ತಿ ಹಳದಿಯಾಗುತ್ತಿತ್ತು. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣ ಅದನ್ನು ಬಿಡುತ್ತಿಲ್ಲ. ಕೊಲಂಬೈನಿಗೆ ರಸಸಾರ 6ರಿಂದ 7 ಬೇಕು. ನಿಮ್ಮ ಕುಂಡದಲ್ಲಿ ಸುಣ್ಣ ನಾಲ್ಕು ಕಡೆಯಿಂದ ಬರುತ್ತಿದೆ: ಎರೆ ಮಣ್ಣು, ಬೋರ್ ನೀರು, ಸಿಮೆಂಟ್ ಕುಂಡ, ಮತ್ತೆ ತಳದಲ್ಲಿರುವ ಫರಸಿ ಚೂರು. ಫರಸಿ ಅಂದರೆ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲೇ. ನೆಲಕ್ಕೆ ಹಾಸಲು ಚೆಂದ, ಈ ಗಿಡದ ಬೇರಿನ ಕೆಳಗೆ ಅಲ್ಲ. ಒಂದು ಚೂರಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ತಿರ ತಂದು ನೋಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೀವು ತರುವ ಉಸುಕಿಗೂ ಇದೇ ಪರೀಕ್ಷೆ ಮಾಡಿ. ನೊರೆ ಬಂದರೆ ಆ ಉಸುಕು ಬೇಡ.

ಕುಂಡ ಬದಲಿಸಲು ಈ ಎರಡು ವಾರವೇ ಸರಿಯಾದ ಸಮಯ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಬಿಸಿಲು ಏರಿರುತ್ತದೆ, ಆಗ ಬೇರು ಮುಟ್ಟಿದರೆ ಗಿಡ ಹೋಯಿತು. ಕೊಲಂಬೈನಿಗೆ ಗಜ್ಜರಿಯಂಥ ತಾಯಿಬೇರು. ಅದು ಮುರಿದರೆ ಪಕ್ಕದಿಂದ ಮತ್ತೆ ಬರುವುದು ಅಪರೂಪ. ಎರೆ ಮಣ್ಣಿನ ಉಂಡೆಯನ್ನು ಕೈಯಲ್ಲಿ ಒಡೆಯಲು ಹೋಗಬೇಡಿ. ಇಡೀ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ಮುಳುಗಿಸಿಟ್ಟರೆ ಮಣ್ಣು ತಾನೇ ಕರಗಿ ಕೆಳಗಿಳಿಯುತ್ತದೆ. ಬೇರಿಗೆ ಅಂಟಿಕೊಂಡ ಉಳಿದ ಮಣ್ಣನ್ನು ಮಗ್ಗಿನಿಂದ ಮೆಲ್ಲಗೆ ನೀರು ಸುರಿದು ತೊಳೆಯಿರಿ.

ಹೊಸ ಮಿಶ್ರಣ: ತೊಳೆದ ತೆಂಗಿನ ನಾರಿನ ಪುಡಿ 4 ಪಾಲು, ಬೀದರ್ ಕಡೆಯ ಕೆಂಪು ಮಣ್ಣು 2 ಪಾಲು, ದಪ್ಪ ಉಸುಕು 2 ಪಾಲು, ಹಳೆಯ ಎರೆಹುಳು ಗೊಬ್ಬರ 1 ಪಾಲು, ಕಡಲೆಕಾಳಿನಷ್ಟು ಒಡೆದ ಸುಟ್ಟ ಇಟ್ಟಿಗೆ ಚೂರು 1 ಪಾಲು. ನಾರಿನ ಪುಡಿಯನ್ನು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಬೇಕು, ಅದರಲ್ಲಿ ಉಪ್ಪು ಇರುತ್ತದೆ. ಅರ್ಧಕ್ಕರ್ಧ ತಿಪ್ಪೆ ಗೊಬ್ಬರ ಈ ಗಿಡಕ್ಕೆ ಅತಿಯಾಯಿತು. ನೀರು ಹಿಡಿದು ಸುಳಿ ಕೊಳೆಸುತ್ತದೆ. 5 ಇಂಚು ಅಗಲ, 8 ಇಂಚು ಆಳದ ಗ್ರೋ ಬ್ಯಾಗ್ ಸಾಕು, ಮುಂದೆ ಕೂಲರಿನಲ್ಲಿ ಇಡಲೂ ಅದೇ ಸಲೀಸು. ಬೇರಿಗೆ ಆಳ ಬೇಕು, ಅಗಲ ಅಷ್ಟು ಬೇಕಿಲ್ಲ. ಎಲೆ ಹುಟ್ಟುವ ಸುಳಿ ಮಣ್ಣಿನ ಮಟ್ಟಕ್ಕೇ ಇರಲಿ. ಅರ್ಧ ಇಂಚು ಹೂತರೂ ಮಳೆಗಾಲದಲ್ಲಿ ಕೊಳೆಯುತ್ತದೆ.

ನೀರಿನ ಮಾತು. ಮಳೆ ನೀರು ಹಿಡಿದಿಟ್ಟಿದ್ದರೆ ಅದರಷ್ಟು ಒಳ್ಳೆಯದು ಇಲ್ಲ. ಎ.ಸಿ.ಯಿಂದ ಬಸಿಯುವ ನೀರಿನಲ್ಲೂ ಉಪ್ಪಿಲ್ಲ, ಉಪಯೋಗಿಸಬಹುದು. ಆದರೆ ಗಾಳಿ ತಂಪು ಮಾಡುವ ಕೂಲರ್ ಟಾಕಿಯ ಉಳಿದ ನೀರನ್ನು ಯಾವ ಗಿಡಕ್ಕೂ ಹಾಕಬೇಡಿ. ನೀರು ಆವಿಯಾಗಿ ಹೋಗಿ ಉಪ್ಪು ಅಲ್ಲೇ ದಟ್ಟವಾಗಿರುತ್ತದೆ. ಆರ್.ಒ. ಯಂತ್ರ ಹೊರಗೆ ಬಿಡುವ ನೀರೂ ಹಾಗೆಯೇ. ಬೋರ್ ನೀರೇ ಗತಿ ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, 10 ಲೀಟರಿಗೆ 2 ಗ್ರಾಂ ಕರಗಿಸಿ ರಸಸಾರದ ಪಟ್ಟಿಯಿಂದ ನೋಡಿ. 6.5ಕ್ಕೆ ಇಳಿಯುವವರೆಗೆ ಅರ್ಧರ್ಧ ಗ್ರಾಂ ಸೇರಿಸುತ್ತಾ ಹೋಗಿ. ಒಮ್ಮೆ ಅಳತೆ ಸಿಕ್ಕರೆ ಆ ಬೋರಿಗೆ ಹೆಚ್ಚುಕಡಿಮೆ ಅದೇ ಅಳತೆ ನಡೆಯುತ್ತದೆ, ಬೇಸಿಗೆಯಲ್ಲಿ ಒಮ್ಮೆ ಮತ್ತೆ ನೋಡಿದರಾಯಿತು.

ಈಗಿರುವ ಹಳದಿಗೆ: ಅನ್ನಭೇದಿ 5 ಗ್ರಾಂ, ನಿಂಬೆ ಉಪ್ಪು 1 ಗ್ರಾಂ, 1 ಲೀಟರ್ ನೀರು. ಸಂಜೆ ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸಿ, 10 ದಿನ ಬಿಟ್ಟು ಇನ್ನೊಮ್ಮೆ. ಎಲೆಯ ಮೇಲೆ ಅನ್ನಭೇದಿ ನಡೆಯುತ್ತದೆ, ಮಣ್ಣಿಗೆ ಮಾತ್ರ ಬೇಡ. ಮಣ್ಣಿಗೆ ಕೊಡಲೇಬೇಕು ಅಂದರೆ ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣ ಕೇಳಿ ತನ್ನಿ: ಲೀಟರಿಗೆ 1 ಗ್ರಾಂ, ಕುಂಡಕ್ಕೆ 200 ಮಿ.ಲೀ. ಅಂಗಡಿಯಲ್ಲಿ ಹೆಚ್ಚಾಗಿ ಕೊಡುವುದು ಇ.ಡಿ.ಟಿ.ಎ. ರೂಪದ್ದು, ಅದು ರಸಸಾರ 6.5 ದಾಟಿದ ಮಣ್ಣಿನಲ್ಲಿ ಹಿಡಿತ ಬಿಡುತ್ತದೆ. ಪಾಕೀಟು ತಿರುಗಿಸಿ ಓದಿಯೇ ದುಡ್ಡು ಕೊಡಿ. ಒಮ್ಮೆ ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೆ ಚಿಂತೆ ಬೇಡ, ಮುಂದೆ ಬರುವ ಎಲೆ ನೋಡಿ.

ಕೆಂಪುಮಣ್ಣು, ಬೀದರ

ಅನ್ನಭೇದಿ ವಿಷಯದಾಗ ನೀವು ಹೇಳಿದ್ದೇ ಖರೆ. ಇಲ್ಲಿನ ಜಂಬಿಟ್ಟಿಗಿ ಮಣ್ಣಿನ ಲೆಕ್ಕ ಅಲ್ಲಿಗೆ ಹಚ್ಚಿ ಬರೆದಿದ್ದೆ. ಅದನ್ನ ಬಿಟ್ಟುಬಿಡ್ರಿ.

ಎಲಿ ರೋಗ, ಹುಮನಾಬಾದ

ಹಾವು ಹರಿದಂಗ ಬಿಳಿ ಗೆರಿ ಅಂದ್ರ ಎಲಿಯೊಳಗ ಸುರಂಗ ಕೊರಿಯೋ ಹುಳ. ಎಲಿ ಬೆಳಕಿಗೆ ಹಿಡಿದು ನೋಡ್ರಿ: ಗೆರಿ ಅಗಲ ಆಗ್ತಾ ಹೋದ ತುದಿಯಾಗ ಸಣ್ಣ ಹಳದಿ ಹುಳ ಕಾಣ್ತದ. ಅಲ್ಲೇ ಉಗುರಿನಿಂದ ಒತ್ತಿದ್ರ ಮುಗೀತು. ಗೆರಿ ಹೆಚ್ಚಾದ ಎಲಿ ಚಿವುಟಿ ದೂರ ಸುಡ್ರಿ, ಕುಂಡದಾಗ ಉದರಿಸಬ್ಯಾಡ್ರಿ, ಹುಳ ಮಣ್ಣಿಗಿಳಿದು ಕೋಶ ಕಟ್ಟತದ. ಬೇವಿನೆಣ್ಣಿ ಒಳಗಿರೋ ಹುಳಕ್ಕ ಅಷ್ಟು ಮುಟ್ಟೋದಿಲ್ಲ, ಆ ಹುಳದ ತಾಯಿನೊಣ ಮೊಟ್ಟಿ ಇಡೋದು ಮಾತ್ರ ಕಡಿಮಿ ಮಾಡ್ತದ. ಗಿಡ ಇದರಿಂದ ಸಾಯೋದಿಲ್ಲ, ಹೆದರಬ್ಯಾಡ್ರಿ.

ಫೆಬ್ರವರಿಯಿಂದ ನೋಡಬೇಕಾದ್ದು ಜೇಡ ನುಸಿ. ಎಲಿ ಮ್ಯಾಲ ಸೂಜಿ ಚುಚ್ಚಿದಂಗ ಚುಕ್ಕಿ, ಕೆಳಗ ತೆಳು ಬಲಿ. ಒಣ ಹವಾ ಅದಕ್ಕ ಹಬ್ಬ ಇದ್ದಂಗ. ವಾರಕ್ಕ ಎರಡು ಸಲ ಮುಂಜಾನಿ ಎಲಿ ಕೆಳಮಗ್ಗುಲಿಗೆ ಜೋರಾಗಿ ನೀರು ಹೊಡೀರಿ. ಬೂದಿ ರೋಗ ಬಂದ್ರ ನೀರಿನಾಗ ಕರಗೋ ಗಂಧಕ ಲೀಟರಿಗೆ 2 ಗ್ರಾಂ. ಆದ್ರ ಬಿಸಿಲು 32 ದಾಟಿದ ದಿನ ಗಂಧಕ ಹೊಡದ್ರ ಎಲಿ ಸುಡ್ತಾವ. ಬೇವಿನೆಣ್ಣಿ ಹೊಡೆದು 15 ದಿನ ಆಗಿರದಿದ್ರೂ ಗಂಧಕ ಬ್ಯಾಡ.

ಹೂಮಡಿ, ಶಹಾಪುರ

ಯಾದಗಿರಿ ಜಿಲ್ಲೆಯ ಬಿಸಿಲಿನಲ್ಲಿ ನೆಲದಲ್ಲಿ ಕೊಲಂಬೈನ್ ಹಚ್ಚುವುದು ಆಗದ ಮಾತು. ಕುಂಡದಲ್ಲೂ ಕೂಲರ್ ಇಲ್ಲದವರಿಗೆ ಕಷ್ಟವೇ. ಅಂಥವರು ಇದೇ ಕುಟುಂಬದ ಲಾರ್ಕ್‌ಸ್ಪರ್ ಹಚ್ಚಿ. ಅದರ ಹೂವಿಗೂ ಹಿಂದೆ ಬಾಲದಂಥ ಕೊಂಬು ಇದೆ, ಎರೆ ಮಣ್ಣಿನ ಸುಣ್ಣಕ್ಕೆ ಅಂಜುವುದಿಲ್ಲ, ಮತ್ತೆ ಒಂದೇ ಚಳಿಗಾಲದಲ್ಲಿ ಬೀಜದಿಂದ ಹೂವಿಗೆ ಬಂದು ಮುಗಿಯುತ್ತದೆ. ಗಿಡವನ್ನು ಬೇಸಿಗೆ ದಾಟಿಸುವ ಚಿಂತೆಯೇ ಇಲ್ಲ.

ಒಂದು ವ್ಯತ್ಯಾಸ ನೆನಪಿರಲಿ. ಕೊಲಂಬೈನ್ ಬೀಜಕ್ಕೆ ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಬೆರಳಿನಿಂದ ಒತ್ತಿ ಬಿಡಬೇಕು. ಲಾರ್ಕ್‌ಸ್ಪರ್ ಬೀಜಕ್ಕೆ ಕತ್ತಲೆ ಬೇಕು, ಅರ್ಧ ಸೆಂ.ಮೀ.ಗಿಂತ ತುಸು ಹೆಚ್ಚು ಮಣ್ಣು ಮುಚ್ಚಬೇಕು. ಅದಲು ಬದಲಾದರೆ ಎರಡೂ ಸರಿಯಾಗಿ ಹುಟ್ಟುವುದಿಲ್ಲ, ಆಮೇಲೆ ಬೀಜ ಕೆಟ್ಟದ್ದು ಅನ್ನಿಸುತ್ತದೆ.

ಲಾರ್ಕ್‌ಸ್ಪರ್ ಬೀಜದ ಪಾಕೀಟನ್ನು ಹಾಗೆಯೇ ಎರಡು ವಾರ ಫ್ರಿಜ್ಜಿನಲ್ಲಿಟ್ಟು, ನವೆಂಬರ್ ಮೊದಲ ಹದಿನೈದು ದಿನದಲ್ಲಿ ನೇರ ಮಡಿಗೆ ಬಿತ್ತಿ. ಅದಕ್ಕೂ ಮೊದಲು ಮಣ್ಣು ಬೆಚ್ಚಗಿರುತ್ತದೆ, ಮೊಳಕೆ ಸರಿಯಾಗಿ ಬರುವುದಿಲ್ಲ. ಮಡಿ ನೆಲಕ್ಕಿಂತ 15 ಸೆಂ.ಮೀ. ಎತ್ತರ ಇರಲಿ, ಎರೆ ಮಣ್ಣಿನಲ್ಲಿ ನೀರು ನಿಂತರೆ ಬುಡ ಕಪ್ಪಾಗಿ ಮಲಗುತ್ತದೆ. ಸಾಲಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಟ್ಟು ಉಳಿದದ್ದನ್ನು ಕಿತ್ತುಬಿಡಿ. ಕಿತ್ತ ಸಸಿ ಬೇರೆ ಕಡೆ ನೆಟ್ಟರೆ ಹಿಡಿಯುವುದಿಲ್ಲ. ಎತ್ತರದ ತಳಿಗೆ ಜೋಳದ ದಂಟು ಊರಿ ದಾರ ಕಟ್ಟಿ. ಜನವರಿ ಕೊನೆಯಿಂದ ಹೂವು ಶುರು.

ಉಪ್ಪಿನಕಾಯಿಗೆ ಹಾಕುವ ಕಲೋಂಜಿಯೂ ಇದೇ ಕುಟುಂಬದ್ದೇ. ಕಿರಾಣಿ ಅಂಗಡಿಯ ಕಾಳನ್ನು ನವೆಂಬರ್‌ನಲ್ಲಿ ಒಂದು ಮೂಲೆಗೆ ಚೆಲ್ಲಿ ನೋಡಿ, ತಿಳಿ ನೀಲಿ ಹೂವು ಬಹಳ ಚೆಂದ.

ಲಾರ್ಕ್‌ಸ್ಪರ್ ಮತ್ತು ಕೊಲಂಬೈನ್ ಎರಡರ ಬೀಜವೂ ವಿಷ. ಸಣ್ಣ ಮಕ್ಕಳು ಇರುವ ಮನೆ, ಆಡು ಕಟ್ಟುವ ಅಂಗಳ ಇದ್ದರೆ ಎಚ್ಚರ.

ಮಾಳಿಗಿ ತೋಟ, ಕಲಬುರಗಿ

ಎಲ್ಲರಿಗೂ ಭಾಳ ಉಪಕಾರ ಆತ್ರಿ. ಫರಸಿ ಚೂರಿಗೆ ವಿನೆಗರ್ ಹಾಕಿದ್ರ ಖರೇನ ನುರಿ ಬಂತು. ಲಾರ್ಕ್‌ಸ್ಪರ್ ಮುಂದಿನ ನವೆಂಬರಕ್ಕ ಹಾಕ್ತೀನಿ, ಆದ್ರ ಕೊಲಂಬೈನ್ ಬಿಡಾಕ ಮನಸಿಲ್ಲ. ಹೂವಿನ ಚಿತ್ರ ತಲಿಕೆಳಗ ಮಾಡಿ ನೋಡ್ರಿ, ಐದು ಪಾರಿವಾಳ ದುಂಡಗ ಕೂತು ಒಂದೇ ಬಟ್ಟಲದಾಗ ನೀರು ಕುಡದಂಗ ಕಾಣ್ತದ. ಆ ಹೆಸರೂ ಲ್ಯಾಟಿನ್ ಭಾಷಾದ ಪಾರಿವಾಳದಿಂದನೇ ಬಂದದ್ದು. ಬೀದರ ಅಣ್ಣಾರ, 11ರಾಗ ಎಷ್ಟು ಗಿಡ ಇಟ್ಕೋಬೇಕು? ಬ್ಯಾಸಗಿಯಾಗ ಎಲ್ಲಿ ಇಡಬೇಕು?

ಕೆಂಪುಮಣ್ಣು, ಬೀದರ

ನಾಲ್ಕು ಇಟ್ಕೊಳ್ರಿ. ಬೇರು ತೊಳೆದಾಗ ತಾಯಿಬೇರು ಬಿಳಿಯಾಗಿ, ಪೆನ್ಸಿಲಿನಷ್ಟು ದಪ್ಪ, ಮುರೀದೆ ಇರೋವು ಆರಿಸ್ರಿ. ತುದಿ ಕಂದು ಆಗಿ ಮೆತ್ತಗಿದ್ರ ಆ ಗಿಡ ಮೇ ಕಾಣೋದಿಲ್ಲ.

ಬ್ಯಾಸಗಿಗೆ ಕುಂಡದೊಳಗ ಕುಂಡ. 12 ಇಂಚಿನ ಮಣ್ಣಿನ ಕುಂಡ ತಗೊಳ್ರಿ, ಬಣ್ಣ ಹಚ್ಚಿದ್ದು ಬ್ಯಾಡ. ತಳಕ್ಕ ಒಂದು ಅರ್ಧ ಇಟ್ಟಂಗಿ ಇಟ್ಟು ಅದರ ಮ್ಯಾಲ ಗಿಡದ ಗ್ರೋ ಬ್ಯಾಗ್ ಕೂಡಸ್ರಿ, ಸುತ್ತ ಉಸುಕು ತುಂಬ್ರಿ. ಮುಂಜಾನಿ-ಸಂಜಿ ನೀರು ಉಸುಕಿಗೆ ಹಾಕ್ರಿ, ಬ್ಯಾಗಿಗೆ ಹಾಕಬ್ಯಾಡ್ರಿ. ಮಣ್ಣಿನ ಗ್ವಾಡಿಯಿಂದ ನೀರು ಆವಿಯಾಗಿ ಉಸುಕು ತಣ್ಣಗಾಗ್ತದ, ರಂಜಣಗಿಯಾಗ ನೀರು ತಂಪಾಗೋ ಲೆಕ್ಕನೇ. ನಮ್ಮ ಕಡಿ ಬ್ಯಾಸಗಿ ಗಾಳಿ ಒಣ ಇರೋದ್ರಿಂದ ಇದು ಚಲೋ ನಡೀತದ. ಇಟ್ಟಂಗಿ ಯಾಕ ಅಂದ್ರ, ಬ್ಯಾಗಿನ ತೂತು ತಳದಾಗ ನಿಂತ ನೀರಿಗೆ ತಾಗಬಾರದು.

ಜಾಗ ಮಾಳಿಗಿ ಮ್ಯಾಲ ಬ್ಯಾಡ. ಕೆಳಗ, ಉತ್ತರದ ಗ್ವಾಡಿ ಮಗ್ಗಲ, ಆಕಾಶದ ಬೆಳಕು ಬರಬೇಕು ಆದ್ರ ಬಿಸಿಲು ನೇರ ಬೀಳಬಾರದು. ಎ.ಸಿ.ಯ ಹೊರಗಿನ ಡಬ್ಬಿ ಬಿಸಿ ಗಾಳಿ ಬಿಡೋ ಕಡಿ ಬ್ಯಾಡ. ಮಾರ್ಚ್ ನಡುವಿನಿಂದ ಎಲಿ ಒಂದೊಂದೇ ಕಂದು ಆಗ್ತಾವ, ಅದು ಮಲಗೋ ರೀತಿ. ಗೊಬ್ಬರ ಹಾಕಿ ಎಬ್ಬಿಸಾಕ ಹೋಗಬ್ಯಾಡ್ರಿ. ಒಣಗಿದ ಎಲಿ ಎರಡು ಇಂಚು ಕಡ್ಡಿ ಬಿಟ್ಟು ಕತ್ತರಸ್ರಿ. ಬ್ಯಾಗಿನ ಮಣ್ಣಿನಾಗ ಬೆರಳು ಎರಡು ಇಂಚು ಇಳಿಸಿ ನೋಡಿ, ಪೂರ್ತಿ ಒಣಗಿದ್ರ ಮಾತ್ರ ಮುಂಜಾನಿ 100 ಮಿ.ಲೀ. ಹಾಕ್ರಿ. ಕಾವು ಮತ್ತ ಹಸಿ ಎರಡೂ ಕೂಡಿದ್ರ ಸುಳಿ ಕೊಳೀತದ, ಎಳೆದ್ರ ಹುಳಿ ವಾಸನಿ ಸಮೇತ ಕೈಗೆ ಬರ್ತದ. ಬಿಸಿಲಿಗಿಂತ ಇದರಿಂದ ಸಾಯೋ ಗಿಡನೇ ಹೆಚ್ಚು, ಅದಕ್ಕ ಜೂನ್ ಮಳಿ ಶುರು ಆದ ಮ್ಯಾಲೂ ಸೂರಿನ ಕೆಳಗೇ ಇರಲಿ.

ಜುಲೈದಾಗ ಹೊಸಾ ಎಲಿ ಬಂದ್ರ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ, 10 ದಿನಕ್ಕೊಮ್ಮೆ, ಸೆಪ್ಟೆಂಬರ್ 20ಕ್ಕ ನಿಲ್ಲಸ್ರಿ. ಅಕ್ಟೋಬರ್ 10ರೊಳಗ ಎಲಿ ಎಣಿಸ್ರಿ. 12 ಆಗಿದ್ರ ಕೂಲರಿಗೆ, ಇನ್ನೂ 7-8 ಇದ್ರ ಆ ಗಿಡ ಆ ವರ್ಷ ಬಿಡ್ರಿ. ಡಿಸೆಂಬರಕ್ಕ ಹೊರಗ ತೆಗೆದ ಮೊದಲ 6 ದಿನ ನೆರಳಾಗ, ಆಮ್ಯಾಲ ಮುಂಜಾನಿ 10ರ ತನಕದ ಬಿಸಿಲು ಸಾಕು. ಹೂವಿನ ಕಡ್ಡಿ ಎದ್ದಾಗ ಬುಡದಾಗ ಎಲಿ ಗೊಂಚಲು ನಡುವ ಒಂದು ಮುಚ್ಚಿದ ಮುಷ್ಟಿಯಂಥ ಮೊಗ್ಗು ಕಾಣ್ತದ. ಆವಾಗ ಕುಂಡದ ಜಾಗ ಬದಲಿಸಬ್ಯಾಡ್ರಿ, ಕಡ್ಡಿ ಬೆಳಕಿನ ಕಡಿ ತಿರುಗಿ ಡೊಂಕಾಗ್ತದ.

ಬೀಜ ಇಟ್ಕೊಂಡ್ರ ಒಂದು ಮಾತು: ಮಿಶ್ರ ಬಣ್ಣದ ಗಿಡ ಒಟ್ಟಿಗಿದ್ರ ಪರಾಗ ಕೂಡಿ ಮುಂದಿನ ಸಲ ಅದೇ ಬಣ್ಣ ಬರೋದಿಲ್ಲ. ಬೇಕಾದ ಬಣ್ಣ ಇದ್ರ ಆ ಮೊಗ್ಗು ಅರಳೋಕ್ಕಿಂತ ಮೊದಲು ತೆಳು ಮಲ್ಮಲ್ ಬಟ್ಟಿ ಚೀಲ ಕಟ್ಟಿ, ಅರಳಿದ ಮ್ಯಾಲ ಮೆತ್ತನ ಕುಂಚದಿಂದ ನೀವೇ ಪರಾಗ ಮುಟ್ಟಸ್ರಿ. ಐದು ಕಾಯಿ ಕಂದಾಗಿ ಬಾಯಿ ಬಿಟ್ಟಾಗ ಕಪ್ಪಗ ಮಿಂಚೋ ಬೀಜ ಒಂದು ಲಕೋಟೆಯೊಳಗ ಝಾಡಿಸಿಕೊಂಡು, ಮ್ಯಾಲ ಬಣ್ಣ ಬರೆದು ಫ್ರಿಜ್ಜಿಗೆ ಹಾಕ್ರಿ. ಹೊರಗ ಕಪಾಟಿನಾಗ ಒಂದು ಬ್ಯಾಸಗಿ ಕಳೆದ ಬೀಜ ಅರ್ಧನೂ ಹುಟ್ಟೋದು ಕಷ್ಟ.